ಎಮ್ಮಿಗನೂರಿನ ತಟ್ಟೆ ಮತ್ತು ನಾನು ಎಣಿಸದ ಸುತ್ತುಗಳು

ರೆಕಾರ್ಡ್ ಪ್ಲೇಯರ್ ಕೆಟ್ಟಿದೆ ಎಂದು ಯಾರಾದರೂ ಕರೆದರೆ ಹೋದ ಕೂಡಲೇ ಸ್ಕ್ರೂಡ್ರೈವರ್ ತೆಗೆಯಬೇಡಿ. ಮೊದಲು ಅವರು ಕೊಡುವ ಚಹಾ ಕುಡಿಯಿರಿ. ಕುಡಿಯುತ್ತಲೇ ಸ್ಟೀರಿಯೋದ ಹಿಂಬದಿಗೆ ಹೋಗಿ ವೈರುಗಳನ್ನು ಎಲ್ಲೆಲ್ಲಿ ಚುಚ್ಚಿದ್ದಾರೆ ನೋಡಿ. ಹತ್ತರಲ್ಲಿ ಏಳು ಸಲ ರೋಗ ಅಲ್ಲೇ ಇರುತ್ತದೆ, ಚಹಾ ಮುಗಿಯುವುದರೊಳಗೆ ಸಿಗುತ್ತದೆ. ಸಿಕ್ಕಿತು ಎಂದು ತಕ್ಷಣ ಹೇಳಿಬಿಡಬೇಡಿ. ಅಷ್ಟು ಬೇಗ ಮುಗಿದ ಕೆಲಸಕ್ಕೆ ಜನ ಮರ್ಯಾದೆ ಕೊಡುವುದಿಲ್ಲ.

ನಾನು ಕೊಟ್ರೇಶ. ಹೊಸಪೇಟೆಯ ಒಂದು ರೇಡಿಯೋ ಅಂಗಡಿಯಲ್ಲಿ ನಲವತ್ತು ವರ್ಷ ರೇಡಿಯೋ, ಟೇಪು, ಸ್ಟೀರಿಯೋ ರಿಪೇರಿ ಮಾಡಿದವನು. ನಾನು ಕೂತು ಬೆಸುಗೆ ಹಾಕುತ್ತಿದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ನೇತುಹಾಕಿದ್ದಾರೆ. ನಮ್ಮ ಕೆಲಸದಲ್ಲಿ ಬಡ್ತಿ ಎಂಬುದಿರಲಿಲ್ಲ. ಸೇರಿದ ದಿನವೂ ಮೆಕ್ಯಾನಿಕ್, ಬಿಟ್ಟ ದಿನವೂ ಮೆಕ್ಯಾನಿಕ್. ನಡುವೆ ಕನ್ನಡಕದ ನಂಬರು ಮಾತ್ರ ಏರಿತು.

ಸತ್ತೇ ಹೋದವು ಎಂದುಕೊಂಡಿದ್ದ ರೆಕಾರ್ಡ್ ತಟ್ಟೆಗಳು ಈಚೆಗೆ ಎದ್ದು ಬಂದಿವೆ. ಹಂಪಿ ಕಡೆಯ ಹೋಂಸ್ಟೇಗಳಲ್ಲಿ, ಸಂಡೂರಿನ ದೊಡ್ಡ ಮನೆಗಳ ಹಾಲಿನಲ್ಲಿ ಅವು ಮತ್ತೆ ತಿರುಗುತ್ತಿವೆ. ತಿರುಗುವುದು ಸರಿ, ಹಾಡುವುದಿಲ್ಲ. ಮನೆಯವರು ಮೊಬೈಲ್ ರಿಪೇರಿ ಕಲಿತವರನ್ನು ಕರೆಯುತ್ತಾರೆ, ಅವರು ನನಗೆ ಫೋನ್ ಮಾಡುತ್ತಾರೆ. ಹೇಳಿದ್ದನ್ನೇ ಹೇಳಿ ಗಂಟಲು ಕಟ್ಟಿದ್ದರಿಂದ ಬರೆಯಲು ಕೂತಿದ್ದೇನೆ.

ಮೊದಲು ನನ್ನ ಮಾಲೀಕರ ವಿಷಯ. ಶಾಂತಪ್ಪನವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಗಲ್ಲಾದ ಮೇಲೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಅವರಿಗೆ ರಿಪೇರಿ ಬರುತ್ತಿರಲಿಲ್ಲ, ಗಿರಾಕಿಗಳು ಬರುತ್ತಿದ್ದರು. ಐಟಿಐ ಮುಗಿಸಿ ಸೇರಿದ ಹೊಸದರಲ್ಲಿ ನಾನು ಒಂದು ರೆಕಾರ್ಡ್ ಪ್ಲೇಯರನ್ನು ರಿಪೇರಿ ಮಾಡಿ ಹೆಮ್ಮೆಯಿಂದ ಹಾಡಿಸಿ ತೋರಿಸಿದೆ. ಹಳೇ ತಟ್ಟೆ, ಹಾಡಿನ ಜೊತೆಗೆ ಚಟಚಟ ಸಪ್ಪಳ. ಗಿರಾಕಿ ಮುಖ ಹುಳ್ಳಗೆ ಮಾಡಿಕೊಂಡ. ಶಾಂತಪ್ಪನವರು ಗಲ್ಲಾ ಬಿಟ್ಟು ಎದ್ದು ಬಂದರು. ಏನೋ ದೊಡ್ಡದೇ ಆಗಿದೆ ಎಂದು ನನಗೆ ಆಗಲೇ ತಿಳಿಯಿತು.

"ಲೇ ಕೊಟ್ರ್ಯಾ, ಈ ಟ್ರೆಬಲ್ ಯಾಕ ಇಟ್ಟಾರ?"

"ಸಣ್ಣ ದನಿ ಏರಿಸಾಕ, ಇಳಿಸಾಕ ರೀ."

"ಇಳಿಸಾಕ ಅಷ್ಟ. ಸಪ್ಪಳ ಕೇಳಿದ್ರ ಗಿರಾಕಿ ಮತ್ತ ವಾಪಸ್ ತರತಾನ. ಕೇಳಲಿಲ್ಲಂದ್ರ ಹಾಡು ಕೇಳಕೋತ ಮನಿಯಾಗ ಕುಂದರತಾನ. ಪೂರಾ ಇಳಿಸು."

ಪೂರಾ ಇಳಿಸಿದೆ. ಚಟಚಟ ಹೋಯಿತು. ತಾಳದ ಕಿಣಿಕಿಣಿಯೂ ಹೋಯಿತು, ಅದನ್ನು ಯಾರೂ ಕೇಳಲಿಲ್ಲ. ಗಿರಾಕಿ ಖುಷಿಯಿಂದ ಹೊತ್ತುಕೊಂಡು ಹೋದ. ಅಂದಿನಿಂದ ನಲವತ್ತು ವರ್ಷ ಯಾವ ಸ್ಟೀರಿಯೋ ಮುಂದೆ ಕೂತರೂ ನನ್ನ ಬಲಗೈ ಮೊದಲು ಟ್ರೆಬಲ್ ತಿರುಪಿಗೇ ಹೋಗುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಕೈ ನನ್ನ ಮಾನ ಕಳೆಯುತ್ತದೆ.

ಎರಡನೆಯದು ದೋಣಿಮಲೈ ಗಣಿಯ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಎಂಜಿನಿಯರ ಮನೆ. ಅವರ ಸ್ಟೀರಿಯೋದಲ್ಲಿ ಹಾಡಿಗಿಂತ ಜೋರಾಗಿ "ಗುಂಯ್" ಎನ್ನುವ ಸದ್ದು. ನಾನು ಅಲ್ಲಿಗೆ ಮೂರು ಸಲ ಹೋದೆ. ಮೊದಲ ಸಲ ಆಂಪ್ಲಿಫೈಯರಿನ ಕೆಪಾಸಿಟರ್ ಬದಲಿಸಿದೆ. ಎರಡನೇ ಸಲ ಹೊಸ ಕೆಪಾಸಿಟರ್ ತೆಗೆದು ಇನ್ನೂ ಹೊಸದನ್ನು ಹಾಕಿದೆ. ಗುಂಯ್ ಅಲ್ಲಾಡಲಿಲ್ಲ. ಮೂರನೇ ಸಲ ಅವರ ಹೆಂಡತಿ ಚಹಾ ಕೊಡುತ್ತಾ, "ಇವ್ರು ಹಿಂದಿನ ಒಂದು ವೈರು ಕಟ್ ಮಾಡಿ ಒಗದ್ರು. ಅದಕ್ಕೇನರ ಆಗಿರಬೇಕೇನ್ರಿ?" ಎಂದರು.

ಪ್ಲೇಯರಿನಿಂದ ಎರಡು ಪಿನ್ನಿನ ವೈರುಗಳ ಜೊತೆಗೆ ಒಂದು ತೆಳ್ಳಗಿನ ವೈರು ಬರುತ್ತದೆ. ಅದೇ ಅರ್ಥಿಂಗ್ ವೈರು. ಅದಕ್ಕೆ ಪಿನ್ ಇರುವುದಿಲ್ಲ, ಆಂಪ್ಲಿಫೈಯರಿನ ಹಿಂದಿನ ಸಣ್ಣ ತಿರುಪಿಗೆ ಸುತ್ತಿ ಬಿಗಿಯಬೇಕು. ಪಿನ್ ಇಲ್ಲದ್ದರಿಂದ ಅದು ಫ್ಯಾಕ್ಟರಿಯವರು ಮರೆತು ಬಿಟ್ಟ ತುಂಡು ಎಂದು ಎಂಜಿನಿಯರು ತೀರ್ಮಾನಿಸಿ ಬುಡಕ್ಕೆ ಕತ್ತರಿಸಿದ್ದರು. ಒಂದು ಗೇಣು ವೈರು ಜೋಡಿಸಿದೆ, ಗುಂಯ್ ನಿಂತಿತು. ವಾಪಸ್ ಬರುವ ಸ್ಟಾಫ್ ಬಸ್ಸಿನಲ್ಲಿ ಎಂಜಿನಿಯರನ್ನು ಬೈದುಕೊಂಡೆ. ಹೊಸಪೇಟೆ ಬರುವಷ್ಟರಲ್ಲಿ ಬೈಗುಳ ನನ್ನ ಕಡೆಗೇ ತಿರುಗಿತ್ತು, ಯಾಕೆಂದರೆ ಮೊದಲ ಸಲವೇ ನಾನು ಹಿಂದೆ ನೋಡಿರಲಿಲ್ಲ.

ಸಂಡೂರಿನ ಕೇಸು ಬೇರೆ ತರಹದ್ದು. ಗಣಿ ಲಾರಿಗಳ ಮಾಲೀಕರೊಬ್ಬರ ಮನೆ. ಪ್ರತಿ ವರ್ಷ ದಸರೆ ಮುಗಿದ ವಾರಕ್ಕೆ ಸರಿಯಾಗಿ ಅವರ ಸ್ಟೀರಿಯೋದ ಬಲಗಡೆಯ ಸ್ಪೀಕರ್ ಮೂಕವಾಗುತ್ತಿತ್ತು. ಮೂರು ವರ್ಷ ನಾನು ಸ್ಪೀಕರನ್ನೇ ಬಿಚ್ಚಿ ಕಟ್ಟಿದೆ, ಕೆಲವು ದಿನಕ್ಕೆ ಅದು ತಾನಾಗಿ ಸರಿಹೋದರೆ ನನ್ನ ರಿಪೇರಿ ಎಂದುಕೊಂಡೆ. ನಾಲ್ಕನೇ ವರ್ಷ ಬುದ್ಧಿ ಬಂದು ಮುಳ್ಳು ಕೂರುವ ತಲೆಯನ್ನು ಕಳಚಿದೆ. ಒಳಗಿನ ಸಣ್ಣ ತಾಮ್ರದ ಮೊನೆಗಳ ಮೇಲೆ ವಿಭೂತಿ. ಆಯುಧ ಪೂಜೆಯ ದಿನ ಲಾರಿಗಳಿಗೆ ಹಚ್ಚಿದ ಹಾಗೆ ಪ್ಲೇಯರಿಗೂ ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಪಟ್ಟೆ ಎಳೆಯುತ್ತಿದ್ದರು, ಅದೂ ಯಂತ್ರದ ಹಣೆ ಎಂದು ಅವರಿಗೆ ಕಂಡ ಜಾಗಕ್ಕೆ. ಮುಳ್ಳಿನ ಸುತ್ತ ಕರಿ ಗಡ್ಡವೂ ಬೆಳೆದಿತ್ತು. ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ಜಿನ ಒಳಗೆ ಕಾಂತ ಇರುತ್ತದೆ, ಸಂಡೂರಿನ ಗಾಳಿಯಲ್ಲಿ ಕಬ್ಬಿಣ ಇರುತ್ತದೆ. ಅವೆರಡೂ ಒಂದನ್ನೊಂದು ಹುಡುಕಿಕೊಂಡಿದ್ದವು. ಗಡ್ಡವನ್ನು ಬ್ರಷ್ಷಿನಿಂದ ತೆಗೆದೆ. ವಿಭೂತಿಯ ವಿಷಯ ಹೇಳಲು ಮಾತ್ರ ಧೈರ್ಯ ಬರಲಿಲ್ಲ.

ನನ್ನಿಂದ ಕೇಳಿ ತಿಳಿದು ಶಾಂತಪ್ಪನವರೇ ಅವರಿಗೆ ಫೋನ್ ಮಾಡಿ ಹೇಳಿದರು: "ಪೂಜಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮುಚ್ಚಳ ಹಾಕಿ ಮುಚ್ಚಳಕ್ಕ ಹಚ್ರಿ. ಗುಡಿಯಾಗೂ ಬಾಗಲಾ ಹಾಕಿದಾಗ ಹೊರಗಿಂದನ ಕೈ ಮುಗೀತೀವಲ್ರಿ." ಮುಂದಿನ ದಸರೆಯಿಂದ ಬಲಗಡೆಯ ಸ್ಪೀಕರ್ ಮಾತಾಡಿತು. ಒಬ್ಬ ಖಾಯಂ ಗಿರಾಕಿ ಕೈ ತಪ್ಪಿದ್ದಕ್ಕೆ ಶಾಂತಪ್ಪನವರು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಈಗ ಕೆಲಸದ ರೀತಿ ಬದಲಾಗಿದೆ. ಆದರೆ ಒಂದು ಬದಲಾಗಿಲ್ಲ. ರೆಕಾರ್ಡ್ ಮುಳ್ಳಿನಿಂದ ಬರುವ ದನಿ ಬಲು ಕ್ಷೀಣ. ಅದನ್ನು ಎತ್ತಿ ನಿಲ್ಲಿಸಲು ಸ್ಟೀರಿಯೋದಲ್ಲಿ ಫೋನೋ ಎಂಬ ಬೇರೆಯೇ ತೂತು ಇದೆ. ಟೇಪಿಗೆ, ಮೊಬೈಲಿಗೆ ಇರುವ ತೂತಿಗೆ ಚುಚ್ಚಿದರೆ ದನಿ ಸಣ್ಣಗೆ ಕೊರಗುತ್ತದೆ. ಕೆಲವು ಹೊಸ ಪ್ಲೇಯರುಗಳಲ್ಲಿ ದನಿ ಎತ್ತುವ ಸರ್ಕ್ಯೂಟು ಒಳಗೇ ಇರುತ್ತದೆ. ಅಂಥದನ್ನು ಫೋನೋಗೆ ಚುಚ್ಚಿದರೆ ಹಾಡು ಹರಿದು ಚಿಂದಿಯಾಗುತ್ತದೆ. ಪ್ಲೇಯರನ್ನು ಸ್ಪೀಕರಿನ ಮೇಲೆ ಇಡಬೇಡಿ, ಊಳಿಡುತ್ತದೆ. ಹಂಪಿಯ ಒಂದು ಹೋಟೆಲಿನಲ್ಲಿ ಆ ಊಳನ್ನೇ ಸಂಗೀತ ಎಂದುಕೊಂಡು ಕಣ್ಣು ಮುಚ್ಚಿ ಕೂತಿದ್ದ ವಿದೇಶಿಯರನ್ನು ನೋಡಿದ್ದೇನೆ. ಅವರನ್ನು ಎಬ್ಬಿಸಲು ಮನಸ್ಸು ಬರಲಿಲ್ಲ.

ಇನ್ನು ಎಮ್ಮಿಗನೂರಿಗೆ ಬರುತ್ತೇನೆ. ನಾನು ಕೆಲಸ ಬಿಟ್ಟ ಮೇಲಿನ ಮಾತು ಇದು. ಬರೆಯಲು ಕೂತದ್ದೂ ಇದಕ್ಕಾಗಿಯೇ.

ಶಶಿಕಲಾ ಎಂಬ ಹೆಣ್ಣುಮಗಳು ಫೋನ್ ಮಾಡಿದಳು. ಕಂಪ್ಲಿಯ ಹೈಸ್ಕೂಲಿನಲ್ಲಿ ಟೀಚರು, ಮನೆ ಎಮ್ಮಿಗನೂರಿನಲ್ಲಿ. "ಸರ್, ರೆಕಾರ್ಡ್ ಹಾಕಿದ್ರ ಸೊಳ್ಳಿ ಗುಂಯ್‌ಗುಟ್ಟಿದಂಗ ಬರತೈತ್ರಿ. ನಮ್ಮ ಅಜ್ಜಿ ಹಾಡಿದ ರೆಕಾರ್ಡ್ ಐತಿ. ಆಕಿ ಅದನ್ನ ಒಮ್ಮೆನೂ ಕೇಳಿಲ್ರಿ" ಎಂದಳು. ಕೆಲಸ ಬಿಟ್ಟಿದ್ದೇನಮ್ಮ ಎನ್ನಲು ಬಾಯಿ ತೆರೆದವನು, ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದೆ.

ಗದ್ದೆಗೆ ಬೆನ್ನು ಕೊಟ್ಟ ದೊಡ್ಡ ಮನೆ. ಅಜ್ಜಿಯ ಹೆಸರು ಗೌರಮ್ಮ, ಎಂಬತ್ತು ದಾಟಿದವರು. ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಪಕ್ಕದಲ್ಲಿ ಹಳೆಯ ಹಾರ್ಮೋನಿಯಂ. ಗಂಡ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರರಾಗಿದ್ದರಂತೆ. ಮದುವೆಯಾದ ಹೊಸದರಲ್ಲಿ ಗೌರಮ್ಮನವರೂ ಕಂಪನಿಯ ಜೊತೆ ಊರೂರು ತಿರುಗಿದ್ದರು, ಅಡುಗೆ ಮಾಡಲು. ಕಂಪನಿಯವರು ಒಂದು ಹಾಡಿನ ರೆಕಾರ್ಡ್ ಮಾಡಿಸಲು ಮದ್ರಾಸಿಗೆ ಹೋದಾಗ ನಾಯಕಿ ನಟಿಗೆ ಗಂಟಲು ಕಟ್ಟಿತು. ದಿನಾ ಬಿಡಾರದಲ್ಲಿ ಆ ಹಾಡನ್ನು ಗುನುಗುತ್ತಿದ್ದ ಗೌರಮ್ಮನವರನ್ನು ತಂದು ಮೈಕಿನ ಮುಂದೆ ನಿಲ್ಲಿಸಿದರು. ರೆಕಾರ್ಡಿನ ಮೇಲೆ ಹೆಸರು ಮಾತ್ರ ನಾಯಕಿಯದೇ ಬಂತು.

"ರೆಕಾರ್ಡಿನವ ಬಳಿ ತಗೀರಿ, ಸಪ್ಪಳ ಆಗತಾವ ಅಂದ" ಎಂದು ಗೌರಮ್ಮ ಹೇಳಿದರು. "ಮದಿವಿ ಆಗಿ ಎರಡು ತಿಂಗಳು ಆಗಿದ್ದಿಲ್ಲ. ಹಸರ ಬಳಿ. ಮುತ್ತೈದಿ ಕೈ ಬರೇ ಹೆಂಗ ಮಾಡ್ಲಿ? ತಗಿಯಂಗಿಲ್ಲ ಅಂದೆ. ಆಮ್ಯಾಲೆ ಕೈಗೆ ಟವಲ್ ಸುತ್ತಿದ್ರು. ನನಗ ಒಂದು ಚಟ ಐತಿ ತಮ್ಮಾ, ದನಿ ಮ್ಯಾಲಕ್ಕ ಏರಿದ್ರ ಕೈ ಕಿವಿಗೆ ಹೋಗತೈತಿ. ಮೂರನೇ ಸಾಲಿಗೆ ಕೈ ಎತ್ತಿದೆ, ಟವಲ್ ಜಾರಿತು, ಬಳಿ ಘಲ್ ಅಂದ್ವು. ಮತ್ತೊಮ್ಮೆ ಹಾಡಸ್ರಿ ಅಂದ್ರ ಕಂಪನಿ ಮಾಲಕ ರೈಲಿನ ಹೊತ್ತಾತು ಅಂದ. ಹಂಗ ಬಿಟ್ರು."

ಬಾಗಿಲಲ್ಲಿ ನಿಂತಿದ್ದವರು ಅವರ ಮಗ ಪಂಪಣ್ಣ, ಶಶಿಕಲಾಳ ತಂದೆ. ಅರವತ್ತರ ಆಸುಪಾಸು. "ಇದನ್ನ ನಾನು ಹುಟ್ಟಿದಾಗಿಂದ ಕೇಳಾಕತ್ತೀನ್ರಿ" ಎಂದರು. "ಸಾಲಿಯಾಗ ಹುಡುಗರು ರೆಕಾರ್ಡ್ ಗೌರವ್ವನ ಮಗ ಅಂತ ಆಡ್ಕೋತಿದ್ರು. ರೆಕಾರ್ಡ್ ತೋರಸು ಅಂದ್ರ ನಮ್ಮನ್ಯಾಗ ಇದ್ದಿಲ್ಲ. ಈಗ ಈಕಿ ಹಳೇ ಸಾಮಾನಿನ ಅಂಗಡಿಯಾಗ ಹುಡುಕಿ ತಂದಾಳ. ಅದರ ಮ್ಯಾಲೆ ಬ್ಯಾರೇರ ಹೆಸರು. ಇವತ್ತ ಒಂದು ಇತ್ಯರ್ಥ ಆಗಲಿ."

ನಾನು ಹಿಂದೆ ಹೋಗಿ ನೋಡಿದೆ. ಪ್ಲೇಯರ್ ಅಮೆರಿಕದ್ದು. ಹಂಪಿಯಲ್ಲಿ ಬಹಳ ದಿನ ಇದ್ದು ವಾಪಸ್ ಹೋದ ವಿದೇಶಿಯೊಬ್ಬನಿಂದ ಶಶಿಕಲಾ ಕೊಂಡದ್ದು. ಅಲ್ಲಿಯ ಕರೆಂಟಿನ ವೋಲ್ಟೇಜು ನಮ್ಮದರ ಅರ್ಧ, ಅದಕ್ಕೆ ವೋಲ್ಟೇಜ್ ಇಳಿಸುವ ಡಬ್ಬಿಯನ್ನೂ ಅವನೇ ಕೊಟ್ಟಿದ್ದ. ಪ್ಲೇಯರನ್ನು ಸ್ಟೀರಿಯೋದ ಮೊಬೈಲ್ ತೂತಿಗೆ ಚುಚ್ಚಿದ್ದರು. ತೆಗೆದು ಫೋನೋಗೆ ಚುಚ್ಚಿದೆ. ನೇತಾಡುತ್ತಿದ್ದ ಅರ್ಥಿಂಗ್ ವೈರನ್ನು ಬಿಗಿದೆ. ಮುಳ್ಳು ಒರೆಸಿದೆ. ಗೇಣು ಅಗಲದ ತಟ್ಟೆ, ನಿಮಿಷಕ್ಕೆ ನಲವತ್ತೈದು ಸುತ್ತಿನದು. ಹಾಕಿದೆ. ಚಟಚಟ ಬಂತು. ಬಲಗೈ ತಾನಾಗಿ ಹೋಗಿ ಟ್ರೆಬಲ್ಲನ್ನು ಪೂರಾ ಇಳಿಸಿತು. ದನಿ ತುಂಬಿಕೊಂಡು ಬಂತು, ಗುಂಯ್ ಇಲ್ಲ, ಕೊರಗಿಲ್ಲ. ಇಷ್ಟು ವರ್ಷದ ಮೇಲೂ ಕೈ ಕೆಟ್ಟಿಲ್ಲ ಎಂದು ನನಗೆ ನಾನೇ ಶಭಾಸ್ ಹೇಳಿಕೊಂಡೆ. ಹಾಡು ಕೊಂಚ ನಿಧಾನ ಅನ್ನಿಸಿತು. ಭಕ್ತಿಯ ಹಾಡಿರಬೇಕು, ಅದಕ್ಕೇ ನಿಧಾನ ಎಂದುಕೊಂಡೆ.

ಗೌರಮ್ಮ ತಲೆ ತಗ್ಗಿಸಿ ಕೇಳಿದರು. ಮೂರನೇ ಸಾಲು ಬಂತು, ಹೋಯಿತು. ಬಳೆ ಘಲ್ ಎನ್ನಲಿಲ್ಲ.

"ಇದು ನಾನಲ್ಲ" ಎಂದರು.

ಅವರು ಹಾರ್ಮೋನಿಯಂ ಎಳೆದುಕೊಂಡು ಅದರ ಕರಿ ಕೀಲಿಗಳಲ್ಲಿ ನಾಲ್ಕನೆಯ ಮನೆ ಒತ್ತಿದರು. "ನಾನು ಹಾಡಿದ್ದು ಕರಿ ನಾಲ್ಕು. ಇದು ಬಿಳಿ ನಾಲ್ಕಕ್ಕ ನಿಂತೈತಿ, ಅದಕ್ಕಿಂತಾನೂ ಚೂರು ಕೆಳಗ. ಇದ್ಯಾರೋ ಗಂಡು ದನಿಯಾಕಿ."

"ಅಮ್ಮಾ, ವಯಸ್ಸಾದ ಮ್ಯಾಲೆ ಶ್ರುತಿ ಹೆಚ್ಚುಕಡಿಮಿ ಕೇಳಸ್ತೈತ್ರಿ" ಎಂದೆ. ಈ ಮಾತು ನನ್ನ ಬಾಯಿಂದಲೇ ಬಂತು. ಈಗಲೂ ನೆನಪಾದರೆ ನಾಚಿಕೆಯಾಗುತ್ತದೆ.

ಪಂಪಣ್ಣ ಹೆಗಲ ಮೇಲಿನ ಟವಲ್ ಕೊಡವಿದರು. "ಆತಲ್ಲ. ದನಿನೂ ಅಲ್ಲ, ಬಳಿನೂ ಇಲ್ಲ. ಇನ್ನ ಮ್ಯಾಲೆ ಈ ಮನಿಯಾಗ ಆ ಮಾತು ಎತ್ತಬ್ಯಾಡ್ರಿ." ಸಿಟ್ಟಿನಿಂದ ಹೇಳಲಿಲ್ಲ. ಗೆದ್ದ ಖುಷಿಯೂ ಅವರ ಮುಖದಲ್ಲಿ ಕಾಣಲಿಲ್ಲ.

ನಾನು ಹೊರಡುವಾಗ ಗೌರಮ್ಮ ಹಾರ್ಮೋನಿಯಂ ಮೇಲೆ ಬಟ್ಟೆ ಹೊದಿಸುತ್ತಿದ್ದರು. "ನನಗ ಮರವು ಬಂದಿರಬೇಕು, ತಮ್ಮಾ. ಆಕಿ ಹಾಡಿದ್ದನ್ನ ಕೇಳಿ ಕೇಳಿ ನಾನ ಹಾಡಿದ್ದು ಅಂತ ತಿಳಕೊಂಡೀನೇನೋ" ಎಂದರು. ಅರವತ್ತು ವರ್ಷ ಯಾರು ನಗಾಡಿದರೂ ಬಿಡದ ಮಾತನ್ನು ಆಕೆ ನನ್ನ ರಿಪೇರಿ ಕೇಳಿ ಬಿಡುತ್ತಿದ್ದರು.

ಕಂಪ್ಲಿಯ ಬಸ್ಸಿನಲ್ಲಿ ಆ ಬಿಳಿ ನಾಲ್ಕು ತಲೆಯಿಂದ ಇಳಿಯಲಿಲ್ಲ. ಮರೆತವರು ಸುಮ್ಮನೆ ಮರೆಯುತ್ತಾರೆ. ಬಿಳಿ ನಾಲ್ಕಕ್ಕಿಂತ ಚೂರು ಕೆಳಗೆ ಎಂದು ಅಳೆದು ಹೇಳುವುದಿಲ್ಲ. ಆಗ ವೋಲ್ಟೇಜ್ ಇಳಿಸುವ ಡಬ್ಬಿ ನೆನಪಾಯಿತು. ಡಬ್ಬಿ ವೋಲ್ಟೇಜನ್ನು ಮಾತ್ರ ಇಳಿಸುತ್ತದೆ. ಅಮೆರಿಕದ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ, ನಮ್ಮದು ಐವತ್ತು ಸಲ. ಹಳೇ ಪ್ಲೇಯರಿನ ಮೋಟಾರು ಆ ಮಿಡಿತದ ಲೆಕ್ಕಕ್ಕೇ ತಿರುಗುವುದು. ನಮ್ಮ ಕರೆಂಟಿನಲ್ಲಿ ಅದು ಆರಕ್ಕೆ ಐದರಂತೆ ನಿಧಾನ. ತಟ್ಟೆ ನಿಧಾನವಾದರೆ ದನಿ ದಪ್ಪವಾಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಯಾವ ಪ್ಲೇಯರ್ ಬಂದರೂ ತಟ್ಟೆಯ ಮೇಲೆ ಕಾಗದದ ಗುರುತು ಅಂಟಿಸಿ ಗಡಿಯಾರ ಹಿಡಿದು ಸುತ್ತು ಎಣಿಸುವುದು ನಮ್ಮ ಅಂಗಡಿಯ ರೂಢಿ. ಆವತ್ತು ಎಣಿಸಿರಲಿಲ್ಲ. ಶಭಾಸ್ ಹೇಳಿಕೊಳ್ಳುವುದರಲ್ಲಿ ಮರೆತಿತ್ತು.

ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿದವನೇ ಶಶಿಕಲಾಗೆ ಫೋನ್ ಮಾಡಿ ಎಣಿಸಲು ಹೇಳಿದೆ. ಐದು ನಿಮಿಷಕ್ಕೆ ಆಕೆಯೇ ಫೋನ್ ಮಾಡಿದಳು.

"ಮೂವತ್ತೇಳುವರಿ, ಸರ್. ಮೂರು ಸಲ ಎಣಿಸಿದೆ. ನಲವತ್ತೈದು ಬರಬೇಕಾಗಿತ್ತಲ್ರಿ?"

"ಬರಬೇಕಾಗಿತ್ತಮ್ಮ. ಅಜ್ಜಿ ಹೇಳಿದ್ದು ಖರೇ ಐತಿ. ತಪ್ಪು ನಂದು."

"ನಮ್ಮಪ್ಪಗ ಹೇಳಲೇನ್ರಿ?"

"ಬ್ಯಾಡ. ನಾನ ಬಂದು ಹೇಳತೀನಿ."

ಬೆಲ್ಟು ಕೂರುವ ಮೋಟಾರಿನ ಪುಲ್ಲಿಯನ್ನು ದಪ್ಪ ಮಾಡಿದರೆ ವೇಗ ಏರುತ್ತದೆ. ಶಶಿಕಲಾಳಿಂದ ಹಳೆಯದನ್ನು ತರಿಸಿಕೊಂಡು ಹೊಸಪೇಟೆಯ ಲೇತ್ ಅಂಗಡಿಗೆ ಹೋದೆ. ಟಿಪ್ಪರ್ ಲಾರಿಯ ಬುಷ್ ಮಾಡುವ ಜಾಗ ಅದು. ಲೇತಿನವನು ಅಂಗೈಯಲ್ಲಿ ಪುಲ್ಲಿ ಇಟ್ಟುಕೊಂಡು, "ಇದು ಯಾವ ಗಾಡೀದ್ರಿ?" ಎಂದ. ಗಾಡಿಯದ್ದಲ್ಲ, ಒಬ್ಬ ಅಜ್ಜಿಯದ್ದು ಎಂದೆ. ಅವನು ಮತ್ತೇನೂ ಕೇಳದೆ ಹಿತ್ತಾಳೆಯಲ್ಲಿ ಇನ್ನೊಂದನ್ನು ಕಡೆದು ಕೊಟ್ಟ. ನಾನು ಹೇಳಿದ ದಪ್ಪಕ್ಕೆ ಕೂದಲಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಎಮ್ಮಿಗನೂರಿನಲ್ಲಿ ಪುಲ್ಲಿ ಕೂರಿಸಿದೆ. ಈ ಸಲ ಎಲ್ಲರ ಮುಂದೆ ಜೋರಾಗಿ ಎಣಿಸಿದೆ. ನಲವತ್ತೈದು. ಪಂಪಣ್ಣನವರಿಗೆ ನನ್ನ ತಪ್ಪನ್ನು ಹೇಳಿದೆ. ಅವರು ಹೋಗಿ ಬಾಗಿಲಲ್ಲಿ ನಿಂತರು. ಗೌರಮ್ಮ ಕೋಣೆಯಿಂದ ಬರಲು ಒಪ್ಪಲಿಲ್ಲ, ಶಶಿಕಲಾ ಕೈ ಹಿಡಿದು ಕರೆತಂದಳು.

ಮುಳ್ಳು ಇಳಿಸಿದೆ. ಆ ದಪ್ಪ ದನಿಯ ಒಳಗಿಂದ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಎದ್ದು ಬಂದಳು. ಗೌರಮ್ಮ ಬಟ್ಟೆ ಸರಿಸಿ ಹಾರ್ಮೋನಿಯಂನ ಕರಿ ನಾಲ್ಕು ಒತ್ತಿದರು. ಎರಡೂ ದನಿ ಕೂಡಿಕೊಂಡವು. ಆದರೆ ಮೂರನೇ ಸಾಲು ಸುಮ್ಮನೆ ದಾಟಿತು.

"ದನಿ ಯಾವ ಹೆಣ್ಮಗಳದರ ಇರಬಹುದ್ರಿ" ಎಂದರು ಪಂಪಣ್ಣ. "ಬಳಿ ಎಲ್ಲದಾವ?"

ಗೌರಮ್ಮ ನನ್ನ ಕಡೆ ನೋಡಿದರು. ನಾನು ಸ್ಟೀರಿಯೋ ಕಡೆ ನೋಡಿದೆ. ಟ್ರೆಬಲ್ ತಿರುಪು ಹೋದ ವಾರ ನಾನು ಇಳಿಸಿಟ್ಟ ಹಾಗೆಯೇ ತಳ ಹಿಡಿದಿತ್ತು. ತಾಳದ ಕಿಣಿಕಿಣಿ ಎಲ್ಲಿ ಹೋಯಿತು ಎಂದು ನನ್ನನ್ನು ಯಾವ ಗಿರಾಕಿಯೂ ಕೇಳಿರಲಿಲ್ಲ. ಗಾಜಿನ ಬಳೆಯೂ ಅಲ್ಲಿಗೇ ಹೋಗಿತ್ತು.

ಮುಳ್ಳನ್ನು ಎತ್ತಿ ಮತ್ತೆ ಮೊದಲಿಗೆ ಇಟ್ಟೆ. ನಲವತ್ತು ವರ್ಷದಲ್ಲಿ ಮೊದಲ ಸಲ ಟ್ರೆಬಲ್ಲನ್ನು ಪೂರಾ ಏರಿಸಿದೆ. ಒಗ್ಗರಣೆ ಹಾಕಿದ ಹಾಗೆ ಚಟಚಟ ಮನೆ ತುಂಬಿತು. ಶಾಂತಪ್ಪನವರು ಇದ್ದಿದ್ದರೆ ಗಲ್ಲಾ ಬಿಟ್ಟು ಓಡಿ ಬರುತ್ತಿದ್ದರು. ಒಂದನೇ ಸಾಲು, ಎರಡನೇ ಸಾಲು. ಮೂರನೆಯದರಲ್ಲಿ ದನಿ ಮೇಲಕ್ಕೆ ಏರತೊಡಗಿತು. ಗೌರಮ್ಮನವರ ಎಡಗೈ ಅವರಿಗೇ ತಿಳಿಯದ ಹಾಗೆ ಎದ್ದು ಕಿವಿಯ ಹತ್ತಿರ ಹೋಯಿತು.

ಘಲ್ ಎಂದಿತು.

ಪಂಪಣ್ಣ ತಿರುಗಿ ತಾಯಿಯ ಕೈ ನೋಡಿದರು. ತಂದೆ ತೀರಿಕೊಂಡಾಗ ಬಳೆ ತೆಗೆದ ಕೈ ಅದು, ಬರಿದಾಗಿತ್ತು.

ಹಾಡು ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ಸುಮ್ಮನೆ ಸುತ್ತುತ್ತಿತ್ತು. ಪಂಪಣ್ಣ ಬಾಗಿಲು ಬಿಟ್ಟು ಒಳಗೆ ಬಂದು ತಾಯಿಯ ಪಕ್ಕ ನೆಲದ ಮೇಲೆ ಕೂತರು. ಆಮೇಲೆ ನನಗೆ ಹೇಳಿದರು: "ಇನ್ನೊಮ್ಮೆ ಹಾಕ್ರಿ. ಸಪ್ಪಳ ಇರಲಿ."